ವಿದ್ಯಾಋಣ: ಡಾ. ಅಂಬೇಡಕರರ ಪರದೇಶ ವಿದ್ಯಾಭ್ಯಾಸ

ಅನ್ನವನ್ನು ಉಂಡವನ ಹಸಿವು ಆ ಹೊತ್ತಿಗೆ ಹಿಂಗುವದು. ವಿದ್ಯೆಯನ್ನು ಉಂಡವನ ಹಸಿವು ದಿನದಿನಕ್ಕೆ ಹೆಚ್ಚುತ್ತ ಹೋಗುವದು. ಈ ಹಸಿವಿಗೆ ಊರಿನ ಅಗಸೆಯಾಗಲಿ ದೇಶದ ಗಡಿಯಾಗಲಿ ಅಡ್ಡ ಬರಲಾರದು. ಏಳನೆಯ ಶತಮಾನದಲ್ಲಿ ಚೀನ ದೇಶದ ಹ್ಯುಯೆನ್‌ತ್ಸಾಂಗನು ಮರುಭೂಮಿಗಳನ್ನೂ ಹಿಮಪರ್ವತಗಳನ್ನೂ ದಾಟಿ ನಾಲಂದೆಗೆ ಬಂದು ಆಚಾರ್ಯ ಶೀಲಭದ್ರನ ಅಡಿಯಲ್ಲಿ ಕುಳಿತು ಓದಿದನು. ಅದೇ ಶತಮಾನದಲ್ಲಿ ಇತ್ಸಿಂಗನು ಕಡಲ ಹಾದಿಯಿಂದ ಬಂದು ಅದೇ ವಿಹಾರದಲ್ಲಿ ಹತ್ತು ವರ್ಷ ಕಳೆದನು. ಅರಸರು ಬಿಟ್ಟುಕೊಟ್ಟ ಗ್ರಾಮಗಳ ಉತ್ಪನ್ನದಿಂದ ಅಲ್ಲಿ ಪರದೇಶದ ವಿದ್ಯಾರ್ಥಿಗೂ ಅನ್ನವಸತಿಗಳು ದೊರೆಯುತ್ತಿದ್ದವು. ವಿದ್ಯೆಯನ್ನು ಅರಸಿ ದೂರದಿಂದ ಬಂದವನನ್ನು ಉಣಿಸಿ ಓದಿಸುವದು ಈ ನೆಲದ ಹಳೆಯ ಧರ್ಮವಾಗಿದ್ದಿತು.

ಕಾಲಚಕ್ರವು ತಿರುಗಿ, ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತೀಯರೇ ವಿದ್ಯೆಗಾಗಿ ಹೊರದೇಶಗಳಿಗೆ ಹೋಗುವ ಪ್ರಸಂಗವು ಒದಗಿತು. ಹೋದವರು ಬಹುಮಟ್ಟಿಗೆ ಉಳ್ಳವರ ಮಕ್ಕಳು. ಅವರು ಬಯಸಿದ್ದು ಬ್ಯಾರಿಸ್ಟರ ಪದವಿ, ಇಲ್ಲವೆ ಸಿವಿಲ್ ಸರ್ವಿಸ್ಸಿನ ಅಧಿಕಾರ. ಅವರಿಗೂ ಸಮುದ್ರೋಲ್ಲಂಘನದ ದೋಷವು ತಪ್ಪಲಿಲ್ಲ. 1888ರಲ್ಲಿ ಗಾಂಧಿಯವರು ವಿಲಾಯತಿಗೆ ಹೊರಟಾಗ ಅವರ ಜಾತಿಯ ಪಂಚರು ಅವರನ್ನು ಜಾತಿಯಿಂದ ಹೊರಗಿಟ್ಟರು. ಸಮುದ್ರವನ್ನು ದಾಟಿದ್ದಕ್ಕಾಗಿ ಜಾತಿಯನ್ನು ಕಳೆದುಕೊಂಡವರ ಕಥೆಗಳು ಹೀಗೆ ಹಲವು ಉಂಟು. ಆದರೆ ಹುಟ್ಟಿನಿಂದಲೇ ಎಲ್ಲ ಜಾತಿಗಳ ಹೊರಗೆ ನಿಲ್ಲಿಸಲ್ಪಟ್ಟ ಒಬ್ಬ ಬಾಲಕನು ಸಮುದ್ರವನ್ನು ದಾಟಿ, ಎರಡು ಖಂಡಗಳ ವಿಶ್ವವಿದ್ಯಾಲಯಗಳಲ್ಲಿ ಎರಡು ಬಗೆಯ ಪಂಡಿತಪದವಿಗಳನ್ನು ಪಡೆದು, ಆ ವಿದ್ಯೆಯ ಋಣವನ್ನು ತೀರಿಸುವದರಲ್ಲಿಯೇ ತನ್ನ ಆಯುಷ್ಯವನ್ನು ಸವೆಸಿದ ಕಥೆಯು ಇವೆಲ್ಲವುಗಳಿಂದ ಬೇರೆಯಾದದ್ದು. ಅದು ಡಾ. ಭೀಮರಾವ ರಾಮಜಿ ಅಂಬೇಡಕರರ ವಿದ್ಯಾರ್ಥಿದೆಶೆಯ ಕಥೆ.

ಭೀಮರಾಯರು ಜನಿಸಿದ್ದು 1891ನೆಯ ಏಪ್ರಿಲ 14ರಂದು, ಮಧ್ಯಭಾರತದ ಮಹೂ ಎಂಬ ದಂಡಿನ ಊರಿನಲ್ಲಿ. ತಂದೆ ರಾಮಜಿ ಸಕಪಾಳರು ಸೈನ್ಯದಲ್ಲಿ ಸುಭೇದಾರರಾಗಿದ್ದವರು, ಮಹಾರ ಜಾತಿಯವರು. ಸಾತಾರೆಯ ಶಾಲೆಯಲ್ಲಿ ಬಾಲಕನು ಮನೆಯಿಂದ ತಂದ ಗೋಣೀತಟ್ಟನ್ನು ಹಾಸಿಕೊಂಡು ಉಳಿದ ಹುಡುಗರಿಂದ ದೂರ ಕುಳ್ಳಿರಬೇಕಾಗಿದ್ದಿತು. ನೀರಡಿಸಿದರೆ ಜವಾನನು ಬಂದು ಮೇಲಿನಿಂದ ನೀರು ಸುರಿಯಬೇಕು. ಅವನು ಇಲ್ಲದ ದಿನ ನೀರಿಲ್ಲ. ಇಂಥ ಶಾಲೆಗಳಿಂದ ಏರುತ್ತ ಬಂದು ಅವರು 1907ರಲ್ಲಿ ಮ್ಯಾಟ್ರಿಕ್ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಮುಂದಿನ ಓದಿಗೆ ತಂದೆಯ ಪಿಂಚಣಿಯು ಸಾಲದಾಯಿತು. ಆಗ ಬಡೋದೆಯ ಮಹಾರಾಜರಾದ ಸಯಾಜಿರಾವ ಗಾಯಕವಾಡರು ತಿಂಗಳಿಗೆ 25 ರೂಪಾಯಿಗಳ ವಿದ್ಯಾರ್ಥಿವೇತನವನ್ನು ಕೊಟ್ಟರು. ಅದರ ಬಲದಿಂದ ಅವರು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, 1912ರಲ್ಲಿ ಅರ್ಥಶಾಸ್ತ್ರ ಹಾಗೂ ರಾಜ್ಯಶಾಸ್ತ್ರಗಳನ್ನು ತೆಗೆದುಕೊಂಡು ಬಿ. ಎ. ಪದವಿಯನ್ನು ಹೊಂದಿದರು.

1913ರ ಆರಂಭದಲ್ಲಿ ಅವರು ಬಡೋದೆಯ ಸಂಸ್ಥಾನದ ಸೇವೆಗೆ ಹೋದರು. ಹೋದ ಕೆಲವೇ ದಿನಗಳಲ್ಲಿ ತಂದೆಯ ಅಂತ್ಯಕಾಲದ ಸುದ್ದಿ ಬಂದಿತು. ಫೆಬ್ರುವರಿ 2ರಂದು ರಾಮಜಿಯವರು ತೀರಿಕೊಂಡರು. ಮನೆಯಲ್ಲಿ ಹರೆಯದ ಹೆಂಡತಿ ರಮಾಬಾಯಿ, ಕೆಲವು ತಿಂಗಳ ಕೂಸು. ಇಂಥ ಸಮಯದಲ್ಲಿಯೇ ಮಹಾರಾಜರು ಕೆಲವು ವಿದ್ಯಾರ್ಥಿಗಳನ್ನು ಅಮೇರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸುವ ಯೋಚನೆಯಲ್ಲಿದ್ದರು. ಆಯ್ಕೆಯಾದವರಲ್ಲಿ ಭೀಮರಾಯರೂ ಒಬ್ಬರಾದರು. ಮೂರು ವರ್ಷಗಳವರೆಗೆ ತಿಂಗಳಿಗೆ ಹನ್ನೊಂದೂವರೆ ಪೌಂಡು ವೇತನ. ಓದು ಮುಗಿದ ಬಳಿಕ ಹತ್ತು ವರ್ಷ ಬಡೋದೆಯ ಸೇವೆ: ಹೀಗೆಂದು 1913ನೆಯ ಜೂನ 4ರಂದು ಕರಾರುಪತ್ರಕ್ಕೆ ಸಹಿಯಾಯಿತು. ಈ ಕರಾರನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಇಡಿಯ ಕಥೆಯು ಅದರ ಸುತ್ತ ತಿರುಗುವದು.

ಆ ವರ್ಷದ ಜುಲೈ ತಿಂಗಳಿನಲ್ಲಿ ಅವರು ನ್ಯೂಯಾರ್ಕ ನಗರವನ್ನು ಮುಟ್ಟಿದರು. ಕೊಲಂಬಿಯಾ ವಿಶ್ವವಿದ್ಯಾಲಯವು 1754ರಲ್ಲಿ ಸಣ್ಣ ಕಾಲೇಜಾಗಿ ಹುಟ್ಟಿದ ಸಂಸ್ಥೆ. 1880ರಲ್ಲಿ ಅಲ್ಲಿ ರಾಜ್ಯಶಾಸ್ತ್ರದ ಉಚ್ಚ ಅಭ್ಯಾಸಕ್ಕಾಗಿ ಪ್ರತ್ಯೇಕ ಶಾಖೆಯು ಸ್ಥಾಪಿತವಾದಂದಿನಿಂದ ಸಮಾಜವನ್ನು ಕುರಿತ ಶಾಸ್ತ್ರಗಳಿಗೆ ಅದು ಹೆಸರುವಾಸಿಯಾಗಿದ್ದಿತು. ಅಲ್ಲಿ ಸಾರ್ವಜನಿಕ ಹಣಕಾಸಿನ ಶಾಸ್ತ್ರವನ್ನು ಕಲಿಸುವವರು ಎಡ್ವಿನ್ ಸೆಲಿಗ್ಮನ್. ತತ್ತ್ವಶಾಸ್ತ್ರವನ್ನು ಕಲಿಸುವವರು ಜಾನ್ ಡ್ಯೂಯಿ. ಇತಿಹಾಸಕ್ಕೆ ಜೇಮ್ಸ್ ಹಾರ್ವಿ ರಾಬಿನ್ಸನ್ ಮತ್ತು ಜೇಮ್ಸ್ ಶಾಟ್‌ವೆಲ್.

ಇಲ್ಲಿ ಎಂ. ಎ. ಪದವಿಯ ಸ್ವರೂಪವನ್ನು ಕುರಿತು ನಾಲ್ಕು ಮಾತು ಹೇಳುವದು ಉಚಿತ. ಆಕ್ಸ್‌ಫರ್ಡ ಕೇಂಬ್ರಿಜ್‌ಗಳಲ್ಲಿ ಬಿ. ಎ. ಆದವನು ಕೆಲವು ವರ್ಷ ಕಳೆದ ಮೇಲೆ ಬೇರೆ ಪರೀಕ್ಷೆಯಿಲ್ಲದೆಯೇ ಎಂ. ಎ. ಎನಿಸಿಕೊಳ್ಳುವ ಪದ್ಧತಿಯುಂಟು. 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯವಾದರೋ ಆ ಕಾಲದಲ್ಲಿ ಮುಖ್ಯವಾಗಿ ಪರೀಕ್ಷೆ ಮಾಡುವ ಸಂಸ್ಥೆ. ಕೊಲಂಬಿಯಾದ ರೀತಿ ಇವೆರಡರಿಂದಲೂ ಭಿನ್ನ. ಜರ್ಮನ್ ವಿದ್ಯಾಪೀಠಗಳಿಂದ ಬಂದ ಸೆಮಿನಾರ ಪದ್ಧತಿಯು ಅಲ್ಲಿ ಬೇರೂರಿದ್ದಿತು. ಗುರುವಿನ ಮುಂದೆ ಮೇಜಿನ ಸುತ್ತ ಹತ್ತಾರು ವಿದ್ಯಾರ್ಥಿಗಳು ಕೂಡುವರು, ಒಬ್ಬನು ತಾನು ಶೋಧಿಸಿ ಬರೆದ ಲೇಖನವನ್ನು ಓದುವನು, ಉಳಿದವರು ಆಕ್ಷೇಪಿಸುವರು, ಅವನು ಆಧಾರ ತೋರಿಸಿ ಉತ್ತರ ಹೇಳುವನು. ಅಲ್ಲಿ ನೆನಪಿನ ಬಲಕ್ಕಿಂತ ಪ್ರಶ್ನೆಯ ಬಲಕ್ಕೆ ಬೆಲೆ ಹೆಚ್ಚು. ಸಾತಾರೆಯ ಶಾಲೆಯಲ್ಲಿ ಗೋಣೀತಟ್ಟಿನ ಮೇಲೆ ದೂರ ಕುಳಿತ ಬಾಲಕನು ಈಗ ಎಲ್ಲರೊಡನೆ ಒಂದೇ ಮೇಜಿಗೆ ಕುಳಿತನು. ಊಟದ ಮನೆಯಲ್ಲಿ, ವಸತಿಗೃಹದಲ್ಲಿ, ಗ್ರಂಥಾಲಯದಲ್ಲಿ ಅವನ ಜಾತಿಯನ್ನು ಕೇಳುವವರು ಇಲ್ಲವಾದರು. ಕಲಿತ ಶಾಸ್ತ್ರಗಳಷ್ಟೇ ದೊಡ್ಡ ಪಾಠವು ಇದಾಗಿದ್ದಿತು.

ಆ ಸ್ವಾತಂತ್ರ್ಯವನ್ನು ಅವರು ವಿಲಾಸಕ್ಕೆ ಬಳಸಲಿಲ್ಲ. ವೇತನದಲ್ಲಿಯೇ ಒಂದಿಷ್ಟನ್ನು ಉಳಿಸಿ ಮನೆಗೆ ಕಳಿಸುತ್ತಿದ್ದರು. ಊಟದ ಖರ್ಚನ್ನು ಕಡಿಮೆ ಮಾಡಿ ಹಳೆಯ ಪುಸ್ತಕಗಳ ಅಂಗಡಿಗಳಲ್ಲಿ ಗ್ರಂಥಗಳನ್ನು ಕೊಳ್ಳುತ್ತಿದ್ದರು. ಪದವಿಗೆ ಬೇಕಾದಷ್ಟನ್ನೇ ಓದಿ ತೃಪ್ತರಾಗದೆ ಅರ್ಥಶಾಸ್ತ್ರ, ಇತಿಹಾಸ, ಸಮಾಜಶಾಸ್ತ್ರ, ತತ್ತ್ವಶಾಸ್ತ್ರ, ಮಾನವಶಾಸ್ತ್ರ, ರಾಜ್ಯಶಾಸ್ತ್ರ ಹೀಗೆ ಹಲವು ಶಾಖೆಗಳ ಪಾಠಗಳಿಗೆ ಹೋಗಿ ಕುಳಿತರು. ಆ ಕಾಲಕ್ಕೆ ನ್ಯೂಯಾರ್ಕದಲ್ಲಿದ್ದ ಲಾಲಾ ಲಜಪತರಾಯರು ಈ ಚುರುಕು ತರುಣನನ್ನು ರಾಜಕೀಯ ಚಳವಳಿಗೆ ಸೆಳೆಯಲು ಯತ್ನಿಸಿದರು. ತಾವು ಗಾಯಕವಾಡರ ಅನ್ನದಿಂದ ಓದಲು ಬಂದವರು, ಓದನ್ನು ಮುಗಿಸುವದೇ ಮೊದಲ ಕರ್ತವ್ಯವೆಂದು ಅವರು ಹಿಂದೆ ಸರಿದರು. ಋಣದ ಅರಿವು ಆಗಲೇ ಅವರಲ್ಲಿ ಅಷ್ಟು ಗಟ್ಟಿಯಾಗಿದ್ದಿತು.

1915ರ ಜೂನದಲ್ಲಿ ಪ್ರಾಚೀನ ಭಾರತದ ವಾಣಿಜ್ಯವನ್ನು ಕುರಿತ ಪ್ರಬಂಧದೊಡನೆ ಅವರಿಗೆ ಎಂ. ಎ. ಪದವಿಯು ದೊರೆಯಿತು. ಮರುವರ್ಷದ ಮೇ 9ರಂದು ಮಾನವಶಾಸ್ತ್ರಜ್ಞ ಗೋಲ್ಡನ್‌ವೈಸರರ ಸೆಮಿನಾರಿನಲ್ಲಿ ಭಾರತದ ಜಾತಿಗಳನ್ನು ಕುರಿತು ಲೇಖನವನ್ನು ಓದಿದರು. ತಮ್ಮೊಳಗೇ ಲಗ್ನ ಮಾಡಿಕೊಳ್ಳಬೇಕೆಂಬ ಕಟ್ಟೇ ಜಾತಿಯ ಮೂಲವೆಂದೂ, ಮೇಲಿನವರು ಬಾಗಿಲು ಮುಚ್ಚಿಕೊಂಡದ್ದನ್ನು ನೋಡಿ ಕೆಳಗಿನವರೂ ಅನುಕರಿಸಿದರೆಂದೂ ಅದರಲ್ಲಿ ಅವರು ಸಾಧಿಸಿದರು. ಮುಂದಿನ ವರ್ಷ ಅದು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾಯಿತು. ತಾವು ಮೈಮೇಲೆ ಅನುಭವಿಸಿದ ಕಷ್ಟವನ್ನು ಸಿಟ್ಟಿನ ಮಾತಿನಿಂದಲ್ಲದೆ ಶಾಸ್ತ್ರದ ಮಾತಿನಿಂದ ವಿಚಾರಿಸುವ ಬಲವನ್ನು ಪರದೇಶದ ವಿದ್ಯೆಯು ಅವರಿಗೆ ಕೊಟ್ಟಿತ್ತೆಂಬದಕ್ಕೆ ಈ ಲೇಖನವೇ ಸಾಕ್ಷಿ. ಡಾಕ್ಟರ ಪದವಿಗಾಗಿ ಭಾರತದ ರಾಷ್ಟ್ರೀಯ ಉತ್ಪನ್ನ ಹಾಗೂ ಹಣಕಾಸಿನ ವಿಷಯವಾಗಿ ಇನ್ನೊಂದು ಪ್ರಬಂಧವನ್ನೂ ಅವರು ಸಿದ್ಧಪಡಿಸಿದರು. ಆದರೆ ಪ್ರಬಂಧವನ್ನು ಅಚ್ಚು ಹಾಕಿಸಿ ಪ್ರತಿಗಳನ್ನು ಒಪ್ಪಿಸಿದ ಹೊರತು ಆ ಪದವಿಯನ್ನು ಕೊಡುವ ನಿಯಮವು ಅಲ್ಲಿ ಇರಲಿಲ್ಲ. ಅಚ್ಚಿಗೆ ಹಣವು ಎಲ್ಲಿಂದ ಬರಬೇಕು? ಆ ಪದವಿಯು ಕೈಗೆ ಬರಲು 1927ನೆಯ ಇಸವಿಯವರೆಗೆ ಕಾಯಬೇಕಾಯಿತು.

1916ರ ಅಕ್ಟೋಬರದಲ್ಲಿ, ಮಹಾಯುದ್ಧವು ನಡೆದಿರುವಾಗಲೇ, ಅವರು ಲಂಡನ್ನಿಗೆ ಬಂದು ಅಲ್ಲಿಯ ಅರ್ಥಶಾಸ್ತ್ರದ ಶಾಲೆಯನ್ನೂ, ಬ್ಯಾರಿಸ್ಟರ ಅಭ್ಯಾಸಕ್ಕಾಗಿ ಗ್ರೇಜ್ ಇನ್ ಎಂಬ ಸಂಸ್ಥೆಯನ್ನೂ ಸೇರಿದರು. ಅಷ್ಟರಲ್ಲಿ ಬಡೋದೆಯ ವೇತನದ ಅವಧಿಯು ಮುಗಿಯಿತು. ನಾಲ್ಕು ವರ್ಷಗಳ ಒಳಗೆ ಮರಳಿ ಬಂದು ಓದನ್ನು ಮುಂದುವರಿಸಬಹುದೆಂದು ಲಂಡನ್ ವಿಶ್ವವಿದ್ಯಾಲಯದಿಂದ ಅನುಮತಿಯನ್ನು ಪಡೆದು, ಭಾರವಾದ ಮನಸ್ಸಿನಿಂದ ಅವರು ಊರ ದಾರಿ ಹಿಡಿದರು. ಪುಸ್ತಕಗಳ ಗಂಟುಗಳು ಬೇರೊಂದು ಹಡಗಿನಲ್ಲಿ ಬರುತ್ತಿದ್ದವು. ಆ ಹಡಗನ್ನು ಶತ್ರುಗಳ ಜಲಾಂತರ್ನೌಕೆಯು ಒಡೆದು ಮುಳುಗಿಸಿತು. ಅರೆಹೊಟ್ಟೆ ಉಂಡು ಕೊಂಡ ಗ್ರಂಥಗಳು ಸಮುದ್ರದ ಪಾಲಾದವು. 1917ರ ಆಗಸ್ಟ 21ರಂದು ಅವರು ಮುಂಬಯಿಯಲ್ಲಿ ಇಳಿದರು. ಬಡೋದೆಗೆ ಹೋಗಲು ಕೈಯಲ್ಲಿ ಹಣವಿರಲಿಲ್ಲ. ಮುಳುಗಿದ ಸಾಮಾನಿಗಾಗಿ ಬಂದ ಪರಿಹಾರದ ಹಣವೇ ದಾರಿಯ ಖರ್ಚಿಗೆ ಒದಗಿತು.

ಕರಾರಿನಂತೆ ಅವರು ಬಡೋದೆಗೆ ಹೋದರು. ಮಹಾರಾಜರು ಅವರನ್ನು ತಮ್ಮ ಸೈನಿಕ ಕಾರ್ಯದರ್ಶಿಯನ್ನಾಗಿ ನೇಮಿಸಿದರು. ಮುಂದೆ ಹಣಕಾಸಿನ ಹೊಣೆಯನ್ನು ವಹಿಸಿಕೊಡಬೇಕೆಂಬದು ಅವರ ಇಚ್ಛೆ. ಆದರೆ ರಾಜನ ಇಚ್ಛೆಯು ರಾಜಧಾನಿಯ ಓಣಿಗಳಲ್ಲಿ ನಡೆಯಲಿಲ್ಲ. ಕಚೇರಿಯಲ್ಲಿ ಕೈಕೆಳಗಿನವರು ಕಾಗದಗಳನ್ನು ದೂರದಿಂದ ಮೇಜಿನ ಮೇಲೆ ಎಸೆಯುವರು. ಊರಿನಲ್ಲಿ ಬಾಡಿಗೆಗೆ ಮನೆ ಕೊಡುವವರಿಲ್ಲ. ಕೊನೆಗೆ ಪಾರ್ಸಿ ಜನರ ವಸತಿಗೃಹವೊಂದರಲ್ಲಿ, ಅಲ್ಲಿಯ ಮೇಲ್ವಿಚಾರಕನ ಸಮ್ಮತಿಯಿಂದ, ಪಾರ್ಸಿ ಹೆಸರನ್ನು ಬರೆಸಿ ಇಳಿದುಕೊಂಡರು. ಬೇರೆ ಯಾರೂ ಇಲ್ಲದ ಮಹಡಿಯಲ್ಲಿ ಮುರುಕು ಸಾಮಾನುಗಳ ನಡುವೆ, ಮಬ್ಬು ಲಾಟೀನಿನ ಬೆಳಕಿನಲ್ಲಿ, ಕೊಲಂಬಿಯಾದ ಪಂಡಿತನು ಪುಸ್ತಕ ಓದುತ್ತ ರಾತ್ರಿಗಳನ್ನು ನೂಕಿದನು. ಹನ್ನೊಂದನೆಯ ದಿನ ಹತ್ತಾರು ಜನರು ಬಡಿಗೆ ಹಿಡಿದು ಬಂದು ನಿಂತರು. ಒಂದು ವಾರದ ಅವಕಾಶ ಕೇಳಿದರೂ ದೊರೆಯಲಿಲ್ಲ. ಸಂಜೆಯೊಳಗೆ ಜಾಗ ತೆರವಾಗಬೇಕೆಂದು ಅಪ್ಪಣೆಯಾಯಿತು. ಪರಿಚಯದ ಇಬ್ಬರು ಸ್ನೇಹಿತರ ಆಶ್ರಯವನ್ನು ನೆನೆದರು: ಒಬ್ಬರು ಹಿಂದುಗಳು, ಇನ್ನೊಬ್ಬರು ಕ್ರಿಶ್ಚನ್ನರು. ಇಬ್ಬರಲ್ಲಿಯೂ ಸ್ಥಳ ಸಿಗಲಿಲ್ಲ. ಊರ ತೋಟದಲ್ಲಿ ಕುಳಿತು ಹೊತ್ತು ಕಳೆದು, ರಾತ್ರಿಯ ಗಾಡಿಗೆ ಮುಂಬಯಿಗೆ ಹೊರಟರು.

ಪರದೇಶದ ವಾಸದಲ್ಲಿ ತಾನು ಅಸ್ಪೃಶ್ಯನೆಂಬ ನೆನಪೇ ಅಳಿಸಿಹೋಗಿತ್ತೆಂದೂ, ಬಡೋದೆಯ ನಿಲ್ದಾಣದಲ್ಲಿ ಇಳಿದಾಗ ಎಲ್ಲಿ ಉಳಿಯಲಿ ಎಂಬ ಪ್ರಶ್ನೆಯೊಡನೆ ಅದು ಮತ್ತೆ ಎದ್ದು ನಿಂತಿತೆಂದೂ ಮುಂದೆ ಅವರು ಬರೆದಿಟ್ಟಿದ್ದಾರೆ. ಹತ್ತು ವರ್ಷದ ಸೇವೆಯ ಕರಾರು ಹೀಗೆ ಕೆಲವೇ ದಿನಗಳಲ್ಲಿ ಮುರಿಯಿತು. ಅದನ್ನು ಮುರಿದವರು ಯಾರು? ವಿದ್ಯಾರ್ಥಿಯು ಮಾತಿನಂತೆ ಬಂದಿದ್ದನು. ದೊರೆಯು ಮಾತಿನಂತೆ ಕೆಲಸ ಕೊಟ್ಟಿದ್ದನು. ನಡುವೆ ನಿಂತ ಸಮಾಜವು ಒಂದು ಕೋಣೆಯನ್ನು ಕೊಡಲಾರದೆ ಹೋಯಿತು. ವಿದ್ಯೆಗೆ ಹಣ ಕೊಟ್ಟರೆ ಸಾಲದು, ವಿದ್ಯಾವಂತನಿಗೆ ನೆಲೆಯನ್ನೂ ಕೊಡಬೇಕೆಂಬ ಪಾಠವನ್ನು ಈ ಪ್ರಸಂಗವು ಕಲಿಸುವದು.

ಆದರೆ ಲಂಡನ್ನಿನಲ್ಲಿ ಬಿಟ್ಟುಬಂದ ಓದು ಅವರನ್ನು ಸುಮ್ಮನೆ ಕೂಡಗೊಡಲಿಲ್ಲ. 1918ರ ನವೆಂಬರದಲ್ಲಿ ಅವರು ಮುಂಬಯಿಯ ಸಿಡೆನಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರಾದರು; ಸಂಬಳವು ತಿಂಗಳಿಗೆ 450 ರೂಪಾಯಿ. ಇಷ್ಟು ಸಂಬಳ ಬಂದರೂ ಅವರು ಬಡವರ ಚಾಳಿನಲ್ಲಿಯೇ ಉಳಿದು, ಮನೆಯ ಖರ್ಚಿಗೆ ರಮಾಬಾಯಿಯವರ ಕೈಯಲ್ಲಿ ಎಣಿಸಿ ಕೊಟ್ಟು, ಮಿಕ್ಕದ್ದನ್ನು ಕೂಡಿಸಿದರು. ಆ ಸಾಧ್ವಿಯು ಕೊರತೆಯಲ್ಲಿ ಸಂಸಾರವನ್ನು ತೂಗಿಸಿದ್ದರಿಂದಲೇ ಎರಡನೆಯ ಪ್ರಯಾಣವು ಸಾಧ್ಯವಾಯಿತೆಂಬದನ್ನು ಮರೆಯಬಾರದು. ಸಾಲದ್ದಕ್ಕೆ, ಕೊಲಂಬಿಯಾದಲ್ಲಿ ಜೊತೆಗಿದ್ದ ಪಾರ್ಸಿ ಗೆಳೆಯ ನವಲ ಭಥೇನರು 5000 ರೂಪಾಯಿಗಳ ಸಾಲವನ್ನು ಕೊಟ್ಟರು. ಕೊಲ್ಹಾಪುರದ ಶಾಹೂ ಮಹಾರಾಜರೂ ಧನಸಹಾಯ ಮಾಡಿದರು. ಶಾಹೂ ಮಹಾರಾಜರು ಕನ್ನಡಿಗರಿಗೆ ಅಪರಿಚಿತರಲ್ಲ. ತಮ್ಮ ರಾಜಧಾನಿಯಲ್ಲಿ ಒಂದೊಂದು ಸಮಾಜದ ಮಕ್ಕಳಿಗೂ ವಸತಿಗೃಹಗಳಾಗಲೆಂದು ಅವರು ನೀಡಿದ ಆಶ್ರಯದಲ್ಲಿ ಲಿಂಗಾಯತ ವಿದ್ಯಾರ್ಥಿಗಳ ವಸತಿಗೃಹವೂ ಎದ್ದುನಿಂತಿತು. ಬಡೋದೆಯಲ್ಲಿ ಬಡಿಗೆ ಹಿಡಿದ ಜನರೂ ಪಾರ್ಸಿಗಳು, ಸಾಲ ಕೊಟ್ಟ ಗೆಳೆಯನೂ ಪಾರ್ಸಿ. ಒಳ್ಳೆಯತನವಾಗಲಿ ಕೆಡುಕಾಗಲಿ ಕುಲದ ಸೊತ್ತಲ್ಲವೆಂಬದಕ್ಕೆ ಇದಕ್ಕಿಂತ ಹೆಚ್ಚಿನ ದೃಷ್ಟಾಂತವು ಬೇಡ.

1920ರ ಜುಲೈ ತಿಂಗಳಿನಲ್ಲಿ ಅವರು ಮತ್ತೆ ಲಂಡನ್ನಿಗೆ ಹೊರಟರು. ಈ ಸಲ ದೊರೆಯ ವೇತನವಿಲ್ಲ; ಕೂಡಿಸಿದ ಹಣ ಮತ್ತು ಸಾಲ ಇಷ್ಟೇ ಬಂಡವಾಳ. ಮುಂಜಾನೆ ಒಂದು ತುಂಡು ರೊಟ್ಟಿ, ಒಂದು ಬಟ್ಟಲು ಪೇಯ. ಬಳಿಕ ಬ್ರಿಟಿಷ್ ಮ್ಯೂಜಿಯಮ್ಮಿನ ಗ್ರಂಥಾಲಯಕ್ಕೆ ಹೋದರೆ ಅದು ಮುಚ್ಚುವವರೆಗೆ ಅಲ್ಲಿಯೇ. ಗಾಡಿಯ ಬಾಡಿಗೆಯನ್ನು ಉಳಿಸಲು ನಡೆದೇ ಹೋಗುವದು. ರಾತ್ರಿ ಹಸಿವಾದಾಗ ಪರಿಚಯದ ಭಾರತೀಯರೊಬ್ಬರು ಕೊಟ್ಟ ಹಪ್ಪಳಗಳನ್ನು ತಗಡಿನ ತಟ್ಟೆಯ ಮೇಲೆ ಸುಟ್ಟು ತಿಂದು, ಮತ್ತೆ ಬೆಳಗಿನ ಜಾವದವರೆಗೆ ಓದು. ಇದು ಸುಮಾರು ಮೂರು ವರ್ಷಗಳ ದಿನಚರಿ.

ಅವರು ಆರಿಸಿಕೊಂಡ ವಿಷಯಗಳೂ ವಿಚಾರಾರ್ಹವಾಗಿವೆ. ಬ್ರಿಟಿಷ್ ಭಾರತದ ಹಣಕಾಸನ್ನು ಪ್ರಾಂತಗಳಿಗೆ ಹಂಚಿಕೊಟ್ಟ ಬಗೆಯನ್ನು ಕುರಿತ ಪ್ರಬಂಧಕ್ಕೆ 1921ರ ಜೂನದಲ್ಲಿ ಎಂ. ಎಸ್ಸಿ. ಪದವಿಯು ಬಂದಿತು. ಡಿ. ಎಸ್ಸಿ. ಪದವಿಗೆ ಅವರು ಎತ್ತಿಕೊಂಡದ್ದು ರೂಪಾಯಿಯ ಸಮಸ್ಯೆ. 1920ರ ಆರಂಭದಲ್ಲಿ ಎರಡು ಷಿಲಿಂಗುಗಳಿಗೂ ಮೇಲೆ ಏರಿದ್ದ ರೂಪಾಯಿಯ ಬೆಲೆಯು 1921ರ ಹೊತ್ತಿಗೆ ಒಂದು ಷಿಲಿಂಗು ನಾಲ್ಕು ಪೆನ್ನಿಗಳ ಆಸುಪಾಸಿಗೆ ಕುಸಿದಿದ್ದಿತು. ಭಾರತದಲ್ಲಿ ರೂಪಾಯಿಯನ್ನು ಕೂಡಿಸಿ ಲಂಡನ್ನಿನಲ್ಲಿ ಪೌಂಡು ಖರ್ಚು ಮಾಡುವ ವಿದ್ಯಾರ್ಥಿಗೆ ಇದರ ಅರ್ಥವೇನು? ಮುಂಬಯಿಯಿಂದ ಬರುವ ಅಷ್ಟೇ ರೂಪಾಯಿಗೆ ಲಂಡನ್ನಿನಲ್ಲಿ ಮೊದಲಿಗಿಂತ ಬಹಳ ಕಡಿಮೆ ರೊಟ್ಟಿ. ಬೆಲೆ ಏರಿಳಿದರೆ ಬಡವನ ಹೊಟ್ಟೆಗೆ ತಾಗುವದೆಂಬ ಸತ್ಯವನ್ನು ಅವರು ಗ್ರಂಥಗಳಿಂದ ಮಾತ್ರ ಕಲಿಯಲಿಲ್ಲ. ಆ ವರ್ಷ ಅವರು ಶಾಹೂ ಮಹಾರಾಜರಿಗೆ ಇನ್ನೂರು ಪೌಂಡುಗಳ ಸಾಲವನ್ನು ಬೇಡಿ ಪತ್ರ ಬರೆಯಬೇಕಾಯಿತು.

1922ರ ಜೂನದಲ್ಲಿ ಬ್ಯಾರಿಸ್ಟರ ಪದವಿಯು ದೊರೆಯಿತು. ಅದೇ ವರ್ಷದ ಕೊನೆಯ ಭಾಗದಲ್ಲಿ ಒಪ್ಪಿಸಿದ ಡಿ. ಎಸ್ಸಿ. ಪ್ರಬಂಧವನ್ನು ತಿದ್ದಿ ಬರೆಯಬೇಕೆಂದು ಪರೀಕ್ಷಕರು ಸೂಚಿಸಿದರು. ಅಷ್ಟರಲ್ಲಿ ಹಣವು ತೀರಿದ್ದರಿಂದ 1923ರ ಏಪ್ರಿಲದಲ್ಲಿ ಅವರು ಮುಂಬಯಿಗೆ ಮರಳಿ, ಇಲ್ಲಿಂದಲೇ ಪ್ರಬಂಧವನ್ನು ತಿದ್ದಿ ಕಳಿಸಿದರು. ಆ ವರ್ಷದ ಕೊನೆಗೆ ಪದವಿಯೂ ಬಂದಿತು; ‘ರೂಪಾಯಿಯ ಸಮಸ್ಯೆ’ ಎಂಬ ಗ್ರಂಥವೂ ಗುರು ಎಡ್ವಿನ್ ಕ್ಯಾನನ್ನರ ಮುನ್ನುಡಿಯೊಡನೆ ಅಚ್ಚಾಯಿತು. 1925ರಲ್ಲಿ ಭಾರತದ ನಾಣ್ಯವ್ಯವಸ್ಥೆಯನ್ನು ಪರಿಶೀಲಿಸಲು ಬಂದ ರಾಯಲ್ ಕಮಿಷನ್ನಿನ ಮುಂದೆ ಈ ಗ್ರಂಥದ ಕರ್ತೃವೇ ಸಾಕ್ಷಿಯಾಗಿ ನಿಂತನು. ಅದೇ ವರ್ಷ ಕೊಲಂಬಿಯಾದ ಪ್ರಬಂಧವೂ ಸೆಲಿಗ್ಮನ್ನರ ಮುನ್ನುಡಿಯೊಡನೆ ಬೆಳಕು ಕಂಡಿತು.

ಈ ಎರಡು ಗ್ರಂಥಗಳ ಅರ್ಪಣೆಯ ಪುಟಗಳನ್ನು ತೆರೆದು ನೋಡಬೇಕು. ‘ರೂಪಾಯಿಯ ಸಮಸ್ಯೆ’ಯು ತನ್ನ ಓದಿಗಾಗಿ ಕಷ್ಟಪಟ್ಟ ತಂದೆತಾಯಿಗಳಿಗೆ ಅರ್ಪಿತ. ಪ್ರಾಂತಗಳ ಹಣಕಾಸನ್ನು ಕುರಿತ ಕೊಲಂಬಿಯಾದ ಗ್ರಂಥವು ವಿದ್ಯೆಗೆ ನೆರವಾದ ಉಪಕಾರವನ್ನು ಸ್ಮರಿಸಿ ಸಯಾಜಿರಾವ ಗಾಯಕವಾಡರಿಗೆ ಅರ್ಪಿತ. ಬಡೋದೆಯ ತೋಟದಲ್ಲಿ ನೆಲೆಯಿಲ್ಲದೆ ಕುಳಿತ ದಿನದಿಂದ ಏಳೆಂಟು ವರ್ಷ ಕಳೆದ ಮೇಲೆ ಬರೆದ ಅರ್ಪಣೆಯಿದು. ಊರು ಮಾಡಿದ ಅವಮಾನವನ್ನು ದೊರೆಯ ಉಪಕಾರದಿಂದ ಬೇರ್ಪಡಿಸಿ ನೋಡುವ ವಿವೇಕವು ಆ ಪುಟದಲ್ಲಿ ಕಾಣುವದು.

ಆದರೆ ಅರ್ಪಣೆಯ ಪುಟದಿಂದ ಋಣವು ತೀರುವದೆಂದು ಅವರು ತಿಳಿಯಲಿಲ್ಲ. 1924ರಲ್ಲಿ ಅವರು ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಸ್ಥಾಪಿಸಿದರು. ಸಭೆಯು ಮೊದಲು ಕೈಕೊಂಡ ಕೆಲಸಗಳಲ್ಲಿ ಒಂದು, 1925ರ ಜನವರಿಯಲ್ಲಿ ಸೊಲ್ಲಾಪುರದಲ್ಲಿ ತೆರೆದ ವಿದ್ಯಾರ್ಥಿನಿಲಯ. ಅದೇ ವರ್ಷದ ಏಪ್ರಿಲದಲ್ಲಿ ಅವರು ನಿಪ್ಪಾಣಿಯ ಪರಿಷತ್ತಿಗೆ ಬಂದು ಈ ನಾಡಿನ ದಲಿತ ಬಂಧುಗಳನ್ನು ಕಂಡರು. 1928ರಲ್ಲಿ ಸ್ಥಾಪಿಸಿದ ಶಿಕ್ಷಣಸಂಘದ ಆಶ್ರಯದಲ್ಲಿ ಪನವೇಲ, ಠಾಣೆ, ನಾಸಿಕ, ಪುಣೆಗಳೊಡನೆ ನಮ್ಮ ಧಾರವಾಡದಲ್ಲಿಯೂ ಒಂದು ವಿದ್ಯಾರ್ಥಿನಿಲಯವು ಏರ್ಪಟ್ಟಿತು. ಇರಲು ಕೋಣೆ ಸಿಗದೆ ಊರು ಬಿಟ್ಟವನು ಕಟ್ಟಿಸಿದ್ದು ಇತರರ ಮಕ್ಕಳು ಇರಲು ಕೋಣೆಗಳನ್ನು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸಾಯಿಟಿಯನ್ನೂ 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನೂ ಅವರು ಸ್ಥಾಪಿಸಿದರು. ವೈಸರಾಯರ ಮಂಡಲದ ಸದಸ್ಯರಾಗಿದ್ದಾಗ ಪರಿಶಿಷ್ಟ ಜಾತಿಗಳ ತರುಣರಿಗೆ ಉಚ್ಚ ಶಿಕ್ಷಣದ ವೇತನಗಳಿಗಾಗಿ ಸರಕಾರವನ್ನು ಒತ್ತಾಯಪಡಿಸಿದರು. ಸ್ವತಂತ್ರ ಭಾರತದ ಸರಕಾರವು 1954-55ರಲ್ಲಿ ಪರದೇಶ ವ್ಯಾಸಂಗದ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಒಬ್ಬ ದೊರೆಯ ಔದಾರ್ಯದಿಂದ ಒಬ್ಬನಿಗೆ ದೊರೆತದ್ದು ಹೀಗೆ ಹಲವರ ಹಕ್ಕಾಗಿ ಬೆಳೆಯಿತು.

1952ರ ಜೂನ 5ರಂದು ಕೊಲಂಬಿಯಾ ವಿಶ್ವವಿದ್ಯಾಲಯವು ತನ್ನ ಹಳೆಯ ವಿದ್ಯಾರ್ಥಿಯನ್ನು ಕರೆಯಿಸಿಕೊಂಡು, ಭಾರತದ ಸಂವಿಧಾನದ ರಚನೆಯಲ್ಲಿ ಅವರು ವಹಿಸಿದ ಪಾತ್ರವನ್ನು ಮನ್ನಿಸಿ ಗೌರವ ಪದವಿಯನ್ನು ಕೊಟ್ಟಿತು. ಲಂಡನ್ನಿನಲ್ಲಿ 1921-22ರ ಕಾಲಕ್ಕೆ ಅವರು ಬಾಡಿಗೆಗಿದ್ದ ಕಿಂಗ್ ಹೆನ್ರಿ ರಸ್ತೆಯ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರಕಾರವು ಕೊಂಡು ಸ್ಮಾರಕವನ್ನಾಗಿ ಮಾಡಿತು. ಹಪ್ಪಳ ಸುಟ್ಟು ತಿಂದು ಓದಿದ ಆ ಕಾಲದ ನೆನಪಿಗೆ ಇಂದು ಯಾತ್ರಿಕರು ಬರುವರು.

ಮಠಗಳ ಪ್ರಸಾದನಿಲಯಗಳಲ್ಲಿ ಉಂಡು, ದಾಸೋಹದ ಮುಷ್ಟಿಧಾನ್ಯದಿಂದ ಬೆಳೆದು ಓದಿದ ಮಕ್ಕಳು ಇಂದು ಕಡಲಾಚೆಯ ವಿಶ್ವವಿದ್ಯಾಲಯಗಳಿಗೆ ಹೋಗುತ್ತಿದ್ದಾರೆ. ಅವರನ್ನು ಕಳಿಸುವ ಭಕ್ತರಿಗೂ ಹೋಗುವ ವಿದ್ಯಾರ್ಥಿಗಳಿಗೂ ಈ ಚರಿತ್ರೆಯು ಒಂದೊಂದು ಮಾತನ್ನು ಹೇಳುವದು. ಕೊಟ್ಟವರು, ತಾವು ಕೊಟ್ಟ ವಿದ್ಯೆಯು ಮರಳಿ ಬಂದಾಗ ಅದಕ್ಕೆ ಮನೆಯ ಬಾಗಿಲನ್ನು ತೆರೆದಿಡಬೇಕು. ಪಡೆದವರು, ಪದವಿಯ ಕಾಗದವನ್ನು ಗೋಡೆಗೆ ತೂಗಹಾಕಿ ಋಣ ತೀರಿತೆಂದು ಕೂಡಬಾರದು. ತನಗೆ ಸಿಗದೆ ಹೋದ ಕೋಣೆಯನ್ನು ಇನ್ನೊಬ್ಬನಿಗೆ ಕಟ್ಟಿಸಿಕೊಟ್ಟ ದಿನವೇ ವಿದ್ಯೆಯ ಋಣವು ತೀರಲು ಆರಂಭವಾಗುವದು.